ಆಶ್ವಯುಜದ ಬಿಸಿಲು, ವಿವಾದಗಳ ಸುಗ್ಗಿ

ಸಿಂಧನೂರು/ಲಿಂಗಸುಗೂರು/ಮಸ್ಕಿ: ಪಂಚಾಂಗದ ಪ್ರಕಾರ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಶರದೃತು. ಕವಿಗಳ ಪಾಲಿಗೆ ಇದು ತಿಳಿಯಾದ ಆಕಾಶ, ಬೆಳದಿಂಗಳು ಮತ್ತು ತಂಗಾಳಿಯ ಕಾಲ. ರಾಯಚೂರು ಜಿಲ್ಲೆಯ ಪಶ್ಚಿಮದಲ್ಲಿರುವ ಈ ಮೂರು ತಾಲ್ಲೂಕುಗಳಲ್ಲಿ ಆಕಾಶ ತಿಳಿಯಾಗುವುದೇನೋ ನಿಜ. ಆದರೆ ಅದರ ಹಿಂದೆಯೇ ಬರುವುದು ತಂಗಾಳಿಯಲ್ಲ, ಧಗೆ. ಮೋಡ ಸರಿದ ಮರುದಿನವೇ ಸೂರ್ಯ ಏಪ್ರಿಲ್ ತಿಂಗಳ ಹಳೆಯ ಲೆಕ್ಕ ಚುಕ್ತಾ ಮಾಡಲು ಬಂದವನಂತೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ಬಿಸಿಲ ನಾಡಿನಲ್ಲಿ ಇರುವುದು ಮೂರೇ ಕಾಲ, ಬೇಸಿಗೆ, ಕಡು ಬೇಸಿಗೆ ಮತ್ತು ಮುಂದಿನ ಬೇಸಿಗೆ ಎಂದು ಹೊರಗಿನಿಂದ ವರ್ಗವಾಗಿ ಬಂದ ನೌಕರರು ಆಡುವ ತಮಾಷೆಗೆ ಸ್ಥಳೀಯರು ಈಗ ನಗುವುದನ್ನೂ ಬಿಟ್ಟಿದ್ದಾರೆ.

ಇದೇ ಹೊತ್ತಿಗೆ ರಾಜ್ಯದಲ್ಲಿ ಇನ್ನೊಂದು ಋತುವೂ ಆರಂಭವಾಗುತ್ತದೆ. ಅದು ಸಾಂಸ್ಕೃತಿಕ ವಿವಾದಗಳ ಋತು. ಗಣೇಶನ ಮೆರವಣಿಗೆಯ ಡಿಜೆ ಸದ್ದಿನಿಂದ ಶುರುವಾಗಿ, ದಸರಾ ಉದ್ಘಾಟಕರ ಆಯ್ಕೆ, ರಾಜ್ಯೋತ್ಸವದ ನಾಮಫಲಕ, ದೀಪಾವಳಿಯ ಪಟಾಕಿ, ನವೆಂಬರಿನ ಜಯಂತಿಗಳನ್ನು ದಾಟಿ, ಡಿಸೆಂಬರಿನ ಸಾಹಿತ್ಯ ಸಮ್ಮೇಳನದ ಊಟದ ಪಂಕ್ತಿಯವರೆಗೆ ಅದರ ಯಾತ್ರೆ ಸಾಗುತ್ತದೆ. ಹಿಂಗಾರಿ ಮಳೆ ಕೈಕೊಟ್ಟ ವರ್ಷವೂ ಈ ಬೆಳೆ ಮಾತ್ರ ಕೈಕೊಟ್ಟಿದ್ದಿಲ್ಲ.

ಎರಡೂ ಬಿಸಿಯೇ. ಆದರೆ ಒಂದು ಬಿಸಿಯ ಬಗ್ಗೆ ರಾಜ್ಯವೆಲ್ಲ ಮಾತನಾಡುತ್ತದೆ, ಇನ್ನೊಂದನ್ನು ಹೊಲದಲ್ಲಿ ನಿಂತವರು ಮೌನವಾಗಿ ಅನುಭವಿಸುತ್ತಾರೆ. ಈ ಅಂತರದಲ್ಲಿ ತಮಾಷೆಯೂ ಇದೆ, ನಷ್ಟವೂ ಇದೆ.

ಲೆಕ್ಕಕ್ಕೆ ಸಿಗದ ಬಿಸಿಲು

ಅಕ್ಟೋಬರ್ ಬಿಸಿಲಿಗೆ ಕಾರಣ ಗೂಢವೇನಲ್ಲ. ನೈರುತ್ಯ ಮುಂಗಾರು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ವೇಳೆಗೆ ಉತ್ತರ ಕರ್ನಾಟಕದಿಂದ ಹಿಂದೆ ಸರಿಯುತ್ತದೆ. ಈಶಾನ್ಯ ಹಿಂಗಾರು ದಕ್ಷಿಣ ಪರ್ಯಾಯ ದ್ವೀಪಕ್ಕೆ ಕಾಲಿಡುವುದು ಅಕ್ಟೋಬರ್ 20ರ ಆಸುಪಾಸು. ಇವೆರಡರ ನಡುವಿನ ಬಿಡುವಿನಲ್ಲಿ ಮೋಡದ ಮರೆ ಇರುವುದಿಲ್ಲ. ನೆಲದಲ್ಲಿ ಮಾತ್ರ ಮಳೆಗಾಲದ ತೇವ ಉಳಿದಿರುತ್ತದೆ. ಸೂರ್ಯನ ಶಾಖಕ್ಕೆ ಆ ತೇವ ಆವಿಯಾಗಿ ಗಾಳಿ ಸೇರುತ್ತದೆ. ತೇವ ತುಂಬಿದ ಗಾಳಿಯಲ್ಲಿ ಮೈಯ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ಮೇ ತಿಂಗಳ ಒಣ ಬಿಸಿಲಿನಲ್ಲಿ ನೆರಳಿಗೆ ಸರಿದರೆ ಸಿಗುವ ಸಮಾಧಾನ ಅಕ್ಟೋಬರಿನಲ್ಲಿ ಸಿಗದಿರುವುದು ಇದೇ ಕಾರಣಕ್ಕೆ.

ಇದು ಹಳೆಯ ಸಂಗತಿ. ಹೊಸದೆಂದರೆ ಅದರ ತೀವ್ರತೆ ಮತ್ತು ಅವಧಿ. ಭಾರತೀಯ ಹವಾಮಾನ ಇಲಾಖೆಯ ದಾಖಲೆಗಳ ಪ್ರಕಾರ 2024ರ ಅಕ್ಟೋಬರ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಬಿಸಿಯಾದ ಅಕ್ಟೋಬರ್. ಅಂದು ದೇಶದ ಸರಾಸರಿ ಉಷ್ಣಾಂಶ 26.92 ಡಿಗ್ರಿ ಸೆಲ್ಸಿಯಸ್ ಇತ್ತು, ವಾಡಿಕೆಗಿಂತ 1.23 ಡಿಗ್ರಿ ಹೆಚ್ಚು. ಅದಕ್ಕೂ ಹಿಂದಿನ ವರ್ಷ, 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಅಕ್ಟೋಬರ್ ಬಿಸಿಲು ಗಾಯದ ಮೇಲೆ ಎಳೆದ ಬರೆ.

ಆದರೆ ಸರ್ಕಾರಿ ಭಾಷೆಯಲ್ಲಿ ಈ ಬಿಸಿಲಿಗೆ ಹೆಸರಿಲ್ಲ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ತಲುಪಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸಲಾಗುತ್ತದೆ. ಅಕ್ಟೋಬರಿನಲ್ಲಿ ಪಾದರಸ 36–37ಕ್ಕೆ ಏರಿದರೆ ಅದು ಋತುಮಾನಕ್ಕೆ ತೀರಾ ಹೆಚ್ಚೇ ಆಗಿದ್ದರೂ 40ರ ಗೆರೆ ಮುಟ್ಟುವುದಿಲ್ಲ. ಗೆರೆ ಮುಟ್ಟದ ಬಿಸಿಲು ಕಡತಕ್ಕೆ ಬಾರದು, ಕಡತಕ್ಕೆ ಬಾರದ್ದಕ್ಕೆ ಪರಿಹಾರವೂ ಇರದು.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪದ್ಧತಿ ಇದೆ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬೇಸಿಗೆಯ ತಿಂಗಳುಗಳಿಗೆ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುತ್ತ ಬಂದದ್ದೂ ಉಂಟು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ಎರಡೂ ನೋಡುವುದು ಕ್ಯಾಲೆಂಡರನ್ನು, ಉಷ್ಣಮಾಪಕವನ್ನಲ್ಲ. ಸೂರ್ಯ ಈಚೆಗೆ ಕ್ಯಾಲೆಂಡರ್ ನೋಡುವುದನ್ನು ಬಿಟ್ಟಿರುವುದು ಇಲಾಖೆಗಳ ಗಮನಕ್ಕೆ ಬಂದಂತಿಲ್ಲ.

ಮೂರು ತಾಲ್ಲೂಕು, ಮೂರು ಬಗೆಯ ನಷ್ಟ

ಸಿಂಧನೂರು ಭತ್ತದ ಊರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿನ ಎರೆ ಭೂಮಿ ಗದ್ದೆಯಾಯಿತು, ಊರು ಅಕ್ಕಿ ಗಿರಣಿಗಳ ಪಟ್ಟಣವಾಯಿತು. ಆಗಸ್ಟ್ ಹೊತ್ತಿಗೆ ನಾಟಿಯಾದ ಭತ್ತ ಅಕ್ಟೋಬರಿನಲ್ಲಿ ಹೊಡೆ ಬಿಚ್ಚಿ ಹೂವಾಗುತ್ತದೆ. ಭತ್ತದ ಹೂವು ಅರಳುವುದು ಬೆಳಗಿನ ಹೊತ್ತು, ಅದೂ ಒಂದೆರಡು ತಾಸು ಮಾತ್ರ. ಆ ಹೊತ್ತಿನಲ್ಲಿ ಉಷ್ಣಾಂಶ 35 ಡಿಗ್ರಿ ಮೀರಿದರೆ ಪರಾಗ ಕಟ್ಟುವುದು ತಪ್ಪಿ ಕಾಳು ಜೊಳ್ಳಾಗುತ್ತದೆ ಎಂಬುದು ಕೃಷಿ ವಿಜ್ಞಾನದಲ್ಲಿ ಸಿದ್ಧವಾದ ವಿಷಯ. ಬೆಚ್ಚಗಿನ ತೇವದ ಹವೆ ಕಂದು ಜಿಗಿಹುಳುವಿಗೂ ಹಿತಕರ. ಗದ್ದೆ ದೂರದಿಂದ ಹಸಿರಾಗಿಯೇ ಕಾಣುತ್ತದೆ. ನಷ್ಟ ಗೊತ್ತಾಗುವುದು ರಾಶಿ ಮಾಡಿ ತೂಕಕ್ಕಿಟ್ಟಾಗ.

ಬಿಸಿಲು ಹೆಚ್ಚಿದಂತೆ ಗದ್ದೆಯ ನೀರಿನ ದಾಹವೂ ಹೆಚ್ಚುತ್ತದೆ. ಕಾಲುವೆಯ ಮೇಲ್ಭಾಗದವರು ಹೆಚ್ಚು ಎಳೆದಷ್ಟೂ ಕೆಳಭಾಗದವರ ಪಾಲು ಕಡಿಮೆಯಾಗುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 133 ಟಿಎಂಸಿ ಅಡಿಯಿಂದ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟುಗಳ ಸ್ಥಿತಿಯನ್ನು ಗಮನದಲ್ಲಿಟ್ಟು 2025ರಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಎಲ್ಲ 33 ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಆ ವರ್ಷದ ನವೆಂಬರಿನಲ್ಲಿ ಹೊರಬಿತ್ತು. ಒಂದೇ ಬೆಳೆಯನ್ನು ನೆಚ್ಚಿದ ವರ್ಷದಲ್ಲಿ ಆ ಬೆಳೆಯ ಹೂವಿನ ಕಾಲದ ಉಷ್ಣಾಂಶ ಎಷ್ಟು ಮುಖ್ಯ ಎಂಬುದನ್ನು ವಿವರಿಸಬೇಕಿಲ್ಲ.

ಲಿಂಗಸುಗೂರಿನ ಕಡೆ ಹತ್ತಿ, ತೊಗರಿ ಮತ್ತು ಸೂರ್ಯಕಾಂತಿಯ ಲೆಕ್ಕ. ಹತ್ತಿ ಬಿಡಿಸುವ ಕೆಲಸ ಶುರುವಾಗುವುದು ಇದೇ ದಿನಗಳಲ್ಲಿ. ಬಿಡಿಸುವವರಲ್ಲಿ ಹೆಚ್ಚಿನವರು ಮಹಿಳೆಯರು. ನೆರಳಿಲ್ಲದ ಹೊಲದಲ್ಲಿ ಬಾಗಿ ನಿಂತು ಮಾಡುವ ಈ ಕೆಲಸಕ್ಕೆ ಕೂಲಿ ತೂಕದ ಲೆಕ್ಕದಲ್ಲಿ. ಬಿಸಿಲೆಂದು ಒಂದು ತಾಸು ಕುಳಿತರೆ ಒಂದು ತಾಸಿನ ಕೂಲಿ ಹೋಯಿತು.

ಇದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಗಣಿಗಳಿಗೆ ಅನ್ವಯವಾಗುವ 1961ರ ನಿಯಮಾವಳಿಯಲ್ಲಿ ಒಂದು ಸ್ವಾರಸ್ಯವಿದೆ. ನೆಲದಡಿಯ ಕೆಲಸದ ಜಾಗದಲ್ಲಿ ಆರ್ದ್ರ ಬಲ್ಬ್ ಉಷ್ಣಾಂಶ, ಅಂದರೆ ಗಾಳಿಯ ಶಾಖ ಮತ್ತು ತೇವ ಎರಡನ್ನೂ ಸೇರಿಸಿ ಅಳೆಯುವ ಉಷ್ಣಾಂಶ, 33.5 ಡಿಗ್ರಿ ಮೀರುವಂತಿಲ್ಲ, 30.5 ದಾಟಿದರೆ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದಲ್ಲಿ ಗಾಳಿ ಆಡುವಂತೆ ವ್ಯವಸ್ಥೆ ಮಾಡಬೇಕು ಎಂದು ಆ ನಿಯಮ ಹೇಳುತ್ತದೆ. ಭೂಮಿಯ ಒಳಗೆ ದುಡಿಯುವವರ ಬೆವರಿಗೆ ಆರು ದಶಕಗಳಿಂದ ಕಾನೂನಿನ ಮಿತಿ ಇದೆ. ಅದೇ ಭೂಮಿಯ ಮೇಲೆ ಹತ್ತಿ ಬಿಡಿಸುವವರ ಬೆವರಿಗೆ ಅಂಥ ಯಾವ ಅಳತೆಯೂ ಇಲ್ಲ.

ಮಸ್ಕಿಯ ಕತೆ ನೀರಾವರಿ ಇಲ್ಲದ ಎರೆ ಹೊಲಗಳದ್ದು. ಇಲ್ಲಿ ಹಿಂಗಾರಿ ಬಿಳಿಜೋಳ ಮತ್ತು ಕಡಲೆಯ ಬಿತ್ತನೆ ನಿಂತಿರುವುದು ಹಸ್ತಾ ಮತ್ತು ಚಿತ್ತಾ ಮಳೆಗಳ ಮೇಲೆ. ಚಿತ್ತಾ ಮಳೆ ಕುರುಡು ಎಂದು ರೈತರು ಹೇಳುವುದು ಅದು ಒಂದು ಹೊಲಕ್ಕೆ ಸುರಿದು ಬದುವಿನಾಚೆಯ ಹೊಲವನ್ನು ಮರೆಯುವುದರಿಂದ. ಬಿತ್ತಿದ ಮೇಲೆ ಜೋಳ ಬದುಕುವುದು ಎರೆ ಮಣ್ಣು ಹಿಡಿದಿಟ್ಟ ತೇವದಿಂದ. ಎರಡು ವಾರದ ಬಿರುಬಿಸಿಲು ಆ ತೇವವನ್ನು ಹೀರಿಬಿಟ್ಟರೆ ಬಿತ್ತಿದ ಬೀಜ ನೆಲದಲ್ಲೇ ಉಳಿಯುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ 5ಎ ಉಪಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ 2020ರ ಕೊನೆಯಲ್ಲಿ ಆರಂಭವಾದ ಧರಣಿ ತಿಂಗಳುಗಟ್ಟಲೆ ನಡೆದದ್ದು ಈ ಹಿನ್ನೆಲೆಯಲ್ಲೇ. 2021ರ ಏಪ್ರಿಲ್‌ನಲ್ಲಿ ಮಸ್ಕಿ ವಿಧಾನಸಭಾ ಉಪಚುನಾವಣೆ ಬಂದಾಗ ರಾಜ್ಯದ ಗಮನ ಆ ಕಡೆ ಹರಿಯಿತು. ಮತ ಎಣಿಕೆ ಮುಗಿದ ಮೇಲೆ ಗಮನವೂ ಮುಗಿಯಿತು.

ಶರತ್ಕಾಲ ಬರೀ ಬಿಸಿಲಿನದ್ದೂ ಅಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕ ಮುಳುಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ತೀರದ ಹಳ್ಳಿಗಳು ಜಲಾವೃತವಾದವು. ಬೆಂದರೂ ನೆನೆದರೂ ಅತಿಯೇ ಎನ್ನುವಂಥ ಈ ತಿಂಗಳುಗಳನ್ನು ಆಡಳಿತದ ಕ್ಯಾಲೆಂಡರ್ ಇಂದಿಗೂ ಸೌಮ್ಯ ಹವೆಯ ಕಾಲವೆಂದೇ ನಂಬಿರುವುದು ವಿಚಿತ್ರ.

ವಿವಾದಕ್ಕೆ ನೀರಾವರಿ ಬೇಕಿಲ್ಲ

ಇನ್ನು ಎರಡನೆಯ ಬಿಸಿಯ ಮಾತು. 2025ರ ದಸರಾ ಉದ್ಘಾಟನೆಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಲೇಖಕಿ ಬಾನು ಮುಷ್ತಾಕ್ ಅವರನ್ನು ಆಹ್ವಾನಿಸಿದಾಗ ಎದ್ದ ವಿವಾದ ಬೀದಿಯಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 15ರಂದು ಹೈಕೋರ್ಟ್, 19ರಂದು ಸುಪ್ರೀಂ ಕೋರ್ಟ್ ಅರ್ಜಿಗಳನ್ನು ತಳ್ಳಿಹಾಕಿದವು. 22ರಂದು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ನಡೆಯಿತು. ಎಂಟು ವರ್ಷ ಹಿಂದೆ, 2017ರಲ್ಲಿ, ಅದೇ ಬೆಟ್ಟದ ಮೇಲೆ ಅದೇ ಉತ್ಸವವನ್ನು ಕವಿ ಕೆ.ಎಸ್. ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಬೆಟ್ಟ ಬದಲಾಗಿಲ್ಲ, ದೇವಿ ಬದಲಾಗಿಲ್ಲ, ಬದಲಾದದ್ದು ಹವೆ.

ಟಿಪ್ಪು ಜಯಂತಿಯ ಸರ್ಕಾರಿ ಆಚರಣೆ 2015ರ ನವೆಂಬರಿನಲ್ಲಿ ಶುರುವಾಗಿ 2019ರ ಜುಲೈನಲ್ಲಿ ರದ್ದಾಯಿತು. ಆಚರಣೆ ನಿಂತರೂ ನವೆಂಬರ್ 10 ಬಂತೆಂದರೆ ವಾದಕ್ಕೆ ಬಿಡುವಿಲ್ಲ. ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದು ದೊಡ್ಡ ಚರ್ಚೆಯಾಯಿತು. ಕೊನೆಯ ದಿನ ಊಟದಲ್ಲಿ ಮೊಟ್ಟೆ ಕಾಣಿಸಿಕೊಂಡಿತು. ಮೂರು ದಿನಗಳ ಗೋಷ್ಠಿಗಳಲ್ಲಿ ಮಂಡನೆಯಾದ ವಿಷಯಗಳನ್ನು ನೆನಪಿಟ್ಟವರಿಗಿಂತ ಆ ಮೊಟ್ಟೆಯನ್ನು ನೆನಪಿಟ್ಟವರೇ ಹೆಚ್ಚಿರಬಹುದು.

ಹಾಗೆಂದು ವಿವಾದಗಳೆಲ್ಲ ನಿರರ್ಥಕ ಎನ್ನುವಂತಿಲ್ಲ. ಮೊಟ್ಟೆಯದೇ ಇನ್ನೊಂದು ಕತೆ ಇದೆ. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಮೊಟ್ಟೆ ಬೇಕೆಂದು ವಾದಿಸಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಆಯ್ಕೆ ಉಳಿಯಿತು. ಯೋಜನೆ ಮುಂದೆ ರಾಜ್ಯಕ್ಕೇ ವಿಸ್ತರಿಸಿತು. ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಬೇಡಿಕೆ 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು 2024ರಲ್ಲಿ ಕಾನೂನಾಯಿತು. ಇವು ಮಗುವಿನ ತಟ್ಟೆಗೋ ಬೀದಿಯ ಫಲಕಕ್ಕೋ ಏನನ್ನಾದರೂ ತಂದ ವಿವಾದಗಳು. ಚರ್ಚೆಯ ಬಿಸಿ ಆರಿದ ಮೇಲೆ ಉಳಿದದ್ದೇನು ಎಂದು ನೋಡುವುದು ವಿವಾದವನ್ನು ತೂಗುವ ಸರಳ ತಕ್ಕಡಿ. ಆ ತಕ್ಕಡಿಯಲ್ಲಿ ಬಹುಪಾಲು ವಿವಾದಗಳು ಸೆಕೆಗೆ ಸಿಕ್ಕ ಭತ್ತದ ತೆನೆಯಂತೆ ಜೊಳ್ಳಾಗಿಯೇ ತೂಗುತ್ತವೆ.

ಮೂರೂರ ಪಾಠ

ವಿವಾದಕ್ಕೆ ಬೇಕಾದ ಸಾಮಗ್ರಿ ಈ ಮೂರು ತಾಲ್ಲೂಕುಗಳಲ್ಲಿ ಕಡಿಮೆಯೇನಿಲ್ಲ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ತೆಲುಗು ಭಾಷಿಕರ ಕ್ಯಾಂಪುಗಳು ಸಿಂಧನೂರಿನ ಸುತ್ತ ಇವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳೂ ಇದೇ ತಾಲ್ಲೂಕಿನಲ್ಲಿವೆ. ಪೇಟೆಯಲ್ಲಿ ಉರ್ದು ಹಳೆಯ ನಿವಾಸಿ. ನಾಮಫಲಕ ಕನ್ನಡದಲ್ಲಿದ್ದರೂ ಅದರ ಕೆಳಗೆ ಚೌಕಾಸಿ ನಡೆಯುವುದು ನಾಲ್ಕು ಭಾಷೆಗಳಲ್ಲಿ. ಅಕ್ಕಿಯ ದರ ಕುಸಿದ ದಿನ ನಾಲ್ಕೂ ಭಾಷೆಯ ಬೈಗುಳದ ಅರ್ಥ ಒಂದೇ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿನಾದ್ಯಂತ ಹೆಸರಾಗಿದೆ. ಅಲ್ಲಿ ಹುಸೇನಿ ಆಲಂ ದರ್ಶನಕ್ಕೆ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಬರುತ್ತಾರೆ. ಚಾಂದ್ರಮಾನದ ಲೆಕ್ಕದಲ್ಲಿ ತಿರುಗುವ ಮೊಹರಂ ಕೆಲವೊಮ್ಮೆ ದಸರೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. 2015ರಲ್ಲಿ ಎರಡೂ ಹತ್ತಿರ ಹತ್ತಿರವೇ ಬಂದವು. 2016ರಲ್ಲಿ ಅಕ್ಟೋಬರ್ 11ಕ್ಕೆ ವಿಜಯದಶಮಿ, 12ಕ್ಕೆ ಮೊಹರಂ. 2017ರಲ್ಲಿ ಸೆಪ್ಟೆಂಬರ್ 30ಕ್ಕೆ ವಿಜಯದಶಮಿ, ಮರುದಿನ ಮೊಹರಂ. ಒಂದು ದಿನ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವುದು, ಮರುದಿನ ಅಲೈ ಕುಣಿತಕ್ಕೆ ಹೆಜ್ಜೆ ಹಾಕುವುದು ಈ ಭಾಗದ ಹಳ್ಳಿಗಳಿಗೆ ಸೌಹಾರ್ದದ ಪ್ರದರ್ಶನವಲ್ಲ, ವಾಡಿಕೆ. ವಾಡಿಕೆ ಸುದ್ದಿಯಾಗುವುದಿಲ್ಲ. ಅದು ತಪ್ಪಿದರೆ ಮಾತ್ರ ಸುದ್ದಿ.

ಮಸ್ಕಿಗಂತೂ ಈ ವಿಷಯದಲ್ಲಿ ಎರಡು ಸಾವಿರ ವರ್ಷಗಳ ಹಿರಿತನ ಇದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಹುಡುಕಾಟದಲ್ಲಿದ್ದಾಗ ಇಲ್ಲಿನ ಬೆಟ್ಟದ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಬರಹವನ್ನು ಕಂಡರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಸಿಕ್ಕಿತು. ಹೆಸರುಗಳಿಗಾಗಿ ಇಷ್ಟೆಲ್ಲ ವಾದ ನಡೆಯುವ ನಾಡಿನಲ್ಲಿ, ಇತಿಹಾಸದ ಬಹುದೊಡ್ಡ ಹೆಸರಿನ ಗೊಂದಲವೊಂದನ್ನು ಮಸ್ಕಿ ಸದ್ದಿಲ್ಲದೆ ಬಗೆಹರಿಸಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನಿಗೂ ಅದು ದಕ್ಕುತ್ತದೆ ಎಂಬುದು ಆ ಶಾಸನದ ಸಾರ. ಇಷ್ಟಾಗಿಯೂ ಮಸ್ಕಿ ತಾಲ್ಲೂಕು ಕೇಂದ್ರವಾಗಲು 2018ರವರೆಗೆ ಕಾಯಬೇಕಾಯಿತು.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಅಶೋಕನ ಇನ್ನಷ್ಟು ಶಾಸನಗಳು ಸಿಕ್ಕವು. ಅವು ದೇಗುಲದ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿದ್ದವು. ಅವುಗಳಲ್ಲಿ 12ನೇ ಬಂಡೆ ಶಾಸನವೂ ಒಂದು. ಮಾತಿನಲ್ಲಿ ಹಿಡಿತ ಇರಲಿ, ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳುವುದೂ ಇತರರ ಪಂಥವನ್ನು ತೆಗಳುವುದೂ ಬೇಡ ಎಂಬುದು ಅದರ ತಾತ್ಪರ್ಯ. ಸಾಮಾಜಿಕ ಜಾಲತಾಣಗಳಿಗೆ ನೀತಿ ಸಂಹಿತೆ ಬರೆಯಲು ಹೊರಟವರು ಈ ಕಲ್ಲನ್ನು ಒಮ್ಮೆ ನೋಡಿ ಬರಬಹುದು. ಪಂಥಗಳು ಚರ್ಚಿಸಲೇಬಾರದು ಎಂದು ಅಶೋಕ ಹೇಳಿಲ್ಲ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂದಿದ್ದಾನೆ. ವಾದಕ್ಕೂ ಗದ್ದಲಕ್ಕೂ ಇರುವ ವ್ಯತ್ಯಾಸ ಅಷ್ಟು ಹಿಂದೆಯೇ ಸ್ಪಷ್ಟವಿತ್ತು.

ಯಾವುದು ಚರ್ಚೆಯಾಗಬೇಕು?

ಸಂಜೆ ಬಿಸಿಲು ಇಳಿದ ಮೇಲೆ ಮಂಡಾಳು ಒಗ್ಗರಣೆ, ಮಿರ್ಚಿಯ ಬಂಡಿಗಳ ಮುಂದೆ ಸೇರುವ ಜನ ದಸರಾ ಉದ್ಘಾಟಕರ ಬಗ್ಗೆಯೂ ಮಾತನಾಡುತ್ತಾರೆ, ಕಾಲುವೆಯ ಗೇಜಿನ ಬಗ್ಗೆಯೂ ಮಾತನಾಡುತ್ತಾರೆ. ಆದರೆ ಬೆಂಗಳೂರು ತಲುಪುವುದು ಮೊದಲನೆಯ ಮಾತು ಮಾತ್ರ. ಇದಕ್ಕೆ ಮಾಧ್ಯಮಗಳನ್ನು ದೂರುವುದು ಸುಲಭ, ದೂರಿನಲ್ಲಿ ಹುರುಳೂ ಇದೆ. ಉದ್ಘಾಟನೆಯ ವಿವಾದಕ್ಕೆ ಇಬ್ಬರು ವಕ್ತಾರರು ಸಾಕು. ಭತ್ತದ ಹೂವಿನ ಉಷ್ಣಾಂಶದ ಚರ್ಚೆಗೆ ಎದುರುಪಕ್ಷವೇ ಇಲ್ಲ. ಬಿಸಿಲಿನ ಪರವಾಗಿ ವಾದಿಸಲು ಯಾರೂ ಸಿಗುವುದಿಲ್ಲ ಎಂಬ ಕಾರಣಕ್ಕೇ ಬಿಸಿಲು ಚರ್ಚೆಯಾಗುವುದಿಲ್ಲ.

ಆಗಬೇಕಾದ ಕೆಲಸಗಳು ದೊಡ್ಡವೂ ಅಲ್ಲ. ಕಚೇರಿ ಮತ್ತು ಶಾಲೆಗಳ ವೇಳೆ, ಕೂಲಿ ಕೆಲಸದ ಅಳತೆಯ ರಿಯಾಯಿತಿ ಇವುಗಳನ್ನು ತಿಂಗಳ ಹೆಸರಿಗೆ ಕಟ್ಟುವ ಬದಲು ಉಷ್ಣಾಂಶಕ್ಕೂ ತೇವಾಂಶಕ್ಕೂ ಕಟ್ಟಬಹುದು. ಹಟ್ಟಿಯ ಸುರಂಗಕ್ಕೆ ಇರುವ ಆರ್ದ್ರ ಬಲ್ಬ್ ಅಳತೆ ಹತ್ತಿ ಹೊಲಕ್ಕೂ ಬರಬಹುದು. ಭತ್ತ ಹೂವಾಗುವ ಹದಿನೈದು ದಿನಗಳಲ್ಲಿ ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟುವಂತೆ ಸರದಿ ನಿಗದಿ ಮಾಡಬಹುದು. ಹಿಂಗಾರಿ ಬಿತ್ತನೆಗೆ ಮುನ್ನ ಮಣ್ಣಿನ ತೇವದ ಮಾಹಿತಿಯನ್ನು ಹೋಬಳಿ ಮಟ್ಟದಲ್ಲಿ ರೈತರಿಗೆ ತಲುಪಿಸಬಹುದು. ಇವುಗಳಿಗೆ ಬೇಕಾದದ್ದು ಕೋಟಿಗಟ್ಟಲೆ ಅನುದಾನವಲ್ಲ. ಅಕ್ಟೋಬರ್ ಕೂಡ ಬೇಸಿಗೆಯಾಗಬಲ್ಲದು ಎಂದು ಒಪ್ಪುವ ಒಂದು ಆದೇಶ ಸಾಕು.

ದಸರಾ ಪ್ರತಿ ವರ್ಷ ಬರುತ್ತದೆ, ಅದನ್ನು ಉದ್ಘಾಟಿಸುವವರ ಬಗ್ಗೆ ಪ್ರತಿ ವರ್ಷ ಮಾತೂ ನಡೆಯುತ್ತದೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಸಿಂಧನೂರಿನ ಗದ್ದೆ, ಲಿಂಗಸುಗೂರಿನ ಹತ್ತಿ ಹೊಲ, ಮಸ್ಕಿಯ ಎರೆ ಭೂಮಿ ಕೇಳುತ್ತಿರುವುದು ಆ ಚರ್ಚೆಯ ನಡುವೆ ತಮಗೂ ಒಂದು ಸರದಿ. ಚಿತ್ತಾ ಮಳೆ ಕುರುಡಾದರೆ ಅದಕ್ಕೆ ಮದ್ದಿಲ್ಲ. ಆಡಳಿತದ ಕಣ್ಣಿಗೆ ಮದ್ದಿದೆ, ಹಚ್ಚುವವರು ಬೇಕು.